ಫಿರೌನನ ಬದಲಿಗೆ ಒಂದು ಹೆಸರು

ಪೀರ್‌ಸಾಬ್ ಮಾಸ್ತರರಿಗೆ ಇಂಗ್ಲೆಂಡಿನಲ್ಲಿ ನೋಡಬೇಕಾದದ್ದು ಒಂದೇ ಒಂದು ಇತ್ತು: ಫಿರೌನ. ರಾಣಿಯ ಅರಮನೆ ಬೇಡ, ಲಂಡನ್ನಿನ ದೊಡ್ಡ ಗಡಿಯಾರ ಬೇಡ, ಮಗ ಜುಬೈರ್ ಆಸೆ ಹುಟ್ಟಿಸಲು ನೋಡಿದ ಫುಟ್‌ಬಾಲ್ ಮೈದಾನವಂತೂ ಬೇಡವೇ ಬೇಡ. ವಿಜಯಪುರದ ತಮ್ಮ ಗಲ್ಲಿಯ ಮಸೀದಿಯಲ್ಲಿ ಪ್ರತಿ ರಂಜಾನಿಗೂ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಅವರು ಫಿರೌನನ ಕತೆ ಹೇಳುತ್ತ ಬಂದವರು. ನಾನೇ ದೇವರು ಎಂದು ಮೆರೆದ ಈಜಿಪ್ತಿನ ಆ ದೊರೆ ಮೂಸಾ ಪೈಗಂಬರರನ್ನು ಬೆನ್ನಟ್ಟಿ ಹೋಗಿ ಸಮುದ್ರದಲ್ಲಿ ಮುಳುಗಿದ್ದು, ಮುಂದೆ ಬರುವವರಿಗೆ ಪಾಠವಾಗಲೆಂದು ಅವನ ಹೆಣ ಮಾತ್ರ ಕೊಳೆಯದೆ ಉಳಿದದ್ದು, ಎಲ್ಲ ಅವರ ಬಾಯಲ್ಲಿ ನಿನ್ನೆ ಮೊನ್ನೆ ನಡೆದಂತೆ ಬರುತ್ತಿತ್ತು. ಕತೆ ಹೇಳಿ ಹೇಳಿ ಹಲ್ಲು ಉದುರಿದವೇ ಹೊರತು ಆ ಹೆಣವನ್ನು ಕಣ್ಣಾರೆ ಕಂಡಿರಲಿಲ್ಲ. ಈಗ ಮೊಮ್ಮಗಳು ಹಿಬಾ ಶಾಲೆಯಿಂದ ಬಂದವಳು, ಹತ್ತಿರದ ಊರಿನ ಹಳೆಯ ಮ್ಯೂಸಿಯಂನಲ್ಲಿ ಈಜಿಪ್ತಿನ ಮಮ್ಮಿಗಳಿವೆ ಎಂದದ್ದೇ ತಡ, ಮುದುಕರ ಕಿವಿ ನೆಟ್ಟಗಾದವು.

ಆ ಕಿವಿ ನೆಟ್ಟಗಾದದ್ದನ್ನು ಸೊಸೆ ರುಮಾನ ನೋಡಿದಳು. ನೋಡಿದ್ದನ್ನು ಮರೆಯುವ ಜಾತಿಯವಳಲ್ಲ ಅವಳು. ಈಗ ಅವರು ನೆಲೆಸಿದ್ದ ಸಾಲ್ಫರ್ಡಿನಲ್ಲಿ ಬಡಾವಣೆಯ ಜಿಪಿ ಡಾಕ್ಟರು, ದಾವಣಗೆರೆಯಲ್ಲಿ ಹುಟ್ಟಿದವಳು. ಅವಳ ಎಡಹುಬ್ಬು ಬಲಹುಬ್ಬಿಗಿಂತ ಒಂದು ಕೂದಲೆಳೆ ಮೇಲಿತ್ತು. ಸುಮ್ಮನಿದ್ದರೂ ಏನೋ ಕೇಳುತ್ತಿರುವಂತೆ ಕಾಣುತ್ತಾಳೆ, ಉತ್ತರ ಸಿಗುವವರೆಗೆ ಬಿಡುವುದಿಲ್ಲ ಎಂದು ತೀರಿಹೋದ ಅತ್ತೆ ಬಿಲ್ಕೀಸ್ ನಗೆಯಾಡುತ್ತಿದ್ದರು. ಅತ್ತೆ ಹೇಳಿದ್ದು ತಮಾಷೆಗೆ, ಆದರೆ ಮಾತು ನಿಜ.

ರುಮಾನಳಿಗೆ ಬೇಕಾಗಿದ್ದದ್ದು ಒಂದು ಹೆಸರು. ಆ ಭಾನುವಾರವೇ ಷಬ್-ಎ-ಬರಾತ್. ಅಂದು ಮನೆಯಲ್ಲಿ ಹಲ್ವಾ ಪೂರಿ ಮಾಡಿ ಮುಂದಿಟ್ಟುಕೊಂಡು, ಸತ್ತವರ ಹೆಸರನ್ನು ಒಂದೊಂದಾಗಿ ಹೇಳಿ ಫಾತಿಹಾ ಓದುವುದು ಅವರ ಕಡೆಯ ಪದ್ಧತಿ. ಮುತ್ತಜ್ಜನಿಂದ ಹಿಡಿದು, ಊರಲ್ಲಿ ಹಿಂದೆ ಮುಂದೆ ಯಾರೂ ಇಲ್ಲದೆ ಸತ್ತ ಪಕ್ಕದ ಮನೆಯ ಮುದುಕಿಯವರೆಗೆ ಎಲ್ಲರ ಹೆಸರೂ ಬರಬೇಕು. ಈ ಮನೆಯಲ್ಲಿ ಬರುತ್ತಲೂ ಇತ್ತು, ಒಂದನ್ನು ಬಿಟ್ಟು. ಹಿಬಾಳಿಗಿಂತ ಮೊದಲು, ಅವರು ಲೀಡ್ಸ್‌ನಲ್ಲಿದ್ದಾಗ ಹುಟ್ಟಿದ ಗಂಡುಮಗು ಸಾದ್. ತಿಂಗಳು ತುಂಬದೆ ಬೆಳಿಗ್ಗೆ ಹುಟ್ಟಿ, ಮಧ್ಯಾಹ್ನದ ಹೊತ್ತಿಗೆ ಹೊರಟುಹೋದ ಕೂಸು.

ಆಗ ರುಮಾನ ಆಪರೇಷನ್ ಆಗಿ, ರಕ್ತ ಹೋಗಿ, ಪ್ರಜ್ಞೆ ಇಲ್ಲದೆ ಬಿದ್ದಿದ್ದಳು. ಕೂಸಿನ ಕಿವಿಯಲ್ಲಿ ಅಜಾನ್ ಹೇಳಿದವನು, ಹೆಸರಿಟ್ಟವನು, ಜೀವವಿದ್ದಾಗ ಅದರ ಮುಖ ನೋಡಿದವನು ಜುಬೈರ್ ಒಬ್ಬನೇ. ಮಯ್ಯತ್ತನ್ನು ಇಟ್ಟುಕೊಂಡು ಕೂರಬಾರದು, ಬೇಗ ಮಣ್ಣಿಗೆ ಕೊಡಬೇಕು ಎಂದು ಮಸೀದಿಯ ಹಿರಿಯರು ಹೇಳಿದರು, ಅವನು ಕೊಟ್ಟ. ನರ್ಸ್ ಒಬ್ಬಳು ಕೂಸಿನದೊಂದು ಫೋಟೋ ತೆಗೆದುಕೊಡಲೇ, ತಾಯಿಗೆ ಎಚ್ಚರವಾದ ಮೇಲೆ ಬೇಕಾಗಬಹುದು ಎಂದು ಕೇಳಿದ್ದಳಂತೆ. ಸತ್ತವರ ಫೋಟೋ ತೆಗೆಯುವುದು ನಮ್ಮಲ್ಲಿಲ್ಲ ಎಂದು ಇವನು ತಲೆಯಾಡಿಸಿದ್ದ. ರುಮಾನ ಕಣ್ಣು ಬಿಟ್ಟಾಗ ಲೀಡ್ಸ್‌ನ ಗೋರಿಯ ಮೇಲಿನ ಮಣ್ಣು ಒಂದು ದಿನ ಹಳೆಯದಾಗಿತ್ತು. ಜುಬೈರ್ ಮಂಚದ ಪಕ್ಕ ಕೂತು, ಸಾದ್ ಎಂದು ಹೆಸರಿಟ್ಟೆ ಎಂದ. ಅದೇ ಮೊದಲು, ಅದೇ ಕೊನೆ. ಆಮೇಲೆ ಆ ಹೆಸರು ಅವನ ಬಾಯಿಗೆ ಬರಲಿಲ್ಲ. ಅವಳು ಎತ್ತಿದರೆ ಎದ್ದು ಹೋಗುತ್ತಿದ್ದ.

ಗಂಡ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಹೆಂಡತಿಯ ಗಾಯ ಕೆದಕಬಾರದು ಎಂದು ಅವನು ತನ್ನಪ್ಪನಿಗೂ ಹೇಳಿಟ್ಟಿದ್ದ. ಗಾಯ ಯಾರದು ಎನ್ನುವುದು ಇಂಜಿನಿಯರಾದ ಅವನಿಗೆ ಹೊಳೆದಿರಲಿಲ್ಲ, ಅಷ್ಟೆ. ಇಷ್ಟು ವರ್ಷ ಫಾತಿಹಾ ಓದುತ್ತಿದ್ದವನು ಅವನೇ. ಈ ವರ್ಷ ಅಪ್ಪ ಬಂದಿದ್ದಾರೆ, ಓದುವವರು ಅವರು, ರಂಜಾನಿಗೆ ಮುಂಚೆ ಊರಿಗೆ ಹೊರಟುಬಿಡುವವರು. ಈ ಸಲ ಆ ಹೆಸರು ಹೇಳಿಸದಿದ್ದರೆ ಇನ್ನು ಎಂದೂ ಇಲ್ಲ ಎಂದು ರುಮಾನ ನಿರ್ಧರಿಸಿಬಿಟ್ಟಿದ್ದಳು. ಬಂದ ವಾರವೇ ಮಾವನನ್ನು ಕೇಳಿಯೂ ಇದ್ದಳು. ಅವರು ‘ನೋಡೂನು’ ಎಂದಿದ್ದರು. ಮಾಸ್ತರರ ನೋಡೂನು ಎಂದರೆ ಇಲ್ಲ ಎಂದೇ ಅರ್ಥ ಎನ್ನುವುದು ಅವರ ಹಳೆಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು.

ಅದಕ್ಕೇ, ಮುದುಕರ ಕಿವಿ ನೆಟ್ಟಗಾದ ಆ ಸಂಜೆ ಅವಳು ಚಹಾ ಕೊಡುತ್ತ ಮೆಲ್ಲಗೆ ವ್ಯಾಪಾರಕ್ಕೆ ಕೂತಳು. ಆ ಮನೆಯಲ್ಲಿ ಮಾತು ದಖನಿ ಉರ್ದುವಿನಲ್ಲಿ ಶುರುವಾಗಿ, ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ ಮಾವನಿಂದಾಗಿ ಕನ್ನಡಕ್ಕೆ ಹೊರಳುತ್ತಿತ್ತು.

“ಅಬ್ಬಾ, ನಿಮಗೆ ಫಿರೌನ ಬೇಕು, ನನಗೊಂದು ಹೆಸರು ಬೇಕು. ಭಾನುವಾರ ಬೆಳಿಗ್ಗೆ ನಾನು ನಿಮ್ಮನ್ನ ಕರ್ಕೊಂಡು ಹೋಗ್ತೀನಿ. ಸಂಜೆ ನೀವು ಸಾದ್ ಹೆಸರು ಹೇಳ್ಬೇಕು.”

ಮುದುಕರು ಬಸಿಯಲ್ಲಿ ಚಹಾ ಆರಿಸುತ್ತ ಬಹಳ ಹೊತ್ತು ಯೋಚಿಸಿದರು. ಮಗನ ಮಾತು ಒಂದು ಕಡೆ, ಫಿರೌನ ಇನ್ನೊಂದು ಕಡೆ. ಕೊನೆಗೆ, “ಮೊದಲ ಅಂವನ್ನ ತೋರಿಸು,” ಎಂದರು. ಆ ಮ್ಯೂಸಿಯಂನಲ್ಲಿ ಯಾವ ದೊರೆಯ ಹೆಣವೂ ಇಲ್ಲ, ದೊರೆಗಳೆಲ್ಲ ಕೈರೋದಲ್ಲಿದ್ದಾರೆ ಎನ್ನುವುದು ರುಮಾನಳಿಗೆ ಆಗಲೇ ಗೊತ್ತಿತ್ತು. ಅವಳು ಬಾಯಿ ಬಿಡಲಿಲ್ಲ. ಹೋದ ಮೇಲೆ ಯಾವುದೋ ಒಂದು ಮಮ್ಮಿ ಇರುತ್ತದೆ, ಬಟ್ಟೆ ಸುತ್ತಿದ ಮೇಲೆ ರಾಜನೂ ಒಂದೇ, ಮಂತ್ರಿಯೂ ಒಂದೇ ಎಂದುಕೊಂಡಳು.

ಭಾನುವಾರ ಪೀರ್‌ಸಾಬ್ ಬೀಗರ ಮನೆಗೆ ಹೊರಟವರಂತೆ ಸಿದ್ಧರಾದರು. ಶೇರ್ವಾನಿ, ಕರಿ ಟೋಪಿ, ಕಿವಿಯ ಹಿಂದೆ ಅತ್ತರು. ಜುಬೈರ್ ಮನೆಯಲ್ಲೇ ಉಳಿದ. ಹಲ್ವಾ ಯಾವಾಗಲೂ ಅವನ ಕೈಯದೇ, ತಾಯಿಯಿಂದ ಕಲಿತದ್ದು. ರವೆ ಹುರಿಯುವಾಗ ಯಾರೂ ಅಡ್ಡ ಬರಬಾರದು. ಉಳಿದ ಮೂವರೂ ಟ್ರಾಮ್ ಹತ್ತಿ, ಆಮೇಲೆ ರೈಲು ಹತ್ತಿ ಹೊರಟರು. ದಾರಿಯುದ್ದಕ್ಕೂ ಮುದುಕರ ತುಟಿ ಅಲ್ಲಾಡುತ್ತಿತ್ತು. ಫಿರೌನನ ಮುಂದೆ ನಿಂತು ಹೇಳಬೇಕಾದ ಮಾತನ್ನು ಅವರು ಮಗ್ಗಿಯಂತೆ ಉರು ಹೊಡೆಯುತ್ತಿದ್ದರು.

ಅದು ಒಂದು ಕಾಲಕ್ಕೆ ಬಟ್ಟೆ ಗಿರಣಿಗಳ ಊರು. ಈಜಿಪ್ತಿನ ಹತ್ತಿ ಇಲ್ಲಿಗೆ ಬಂದು ನೂಲಾಗುತ್ತಿದ್ದ ದಿನಗಳಲ್ಲಿ, ಗಿರಣಿಯ ಯಜಮಾನನೊಬ್ಬ ಅಲ್ಲಿಯ ಗೋರಿ ಅಗೆಯುವವರಿಗೂ ದುಡ್ಡು ಕೊಟ್ಟು, ಸಿಕ್ಕಿದ್ದರಲ್ಲಿ ಪಾಲು ತಂದು, ಕೆಂಪು ಇಟ್ಟಿಗೆಯ ಈ ಮ್ಯೂಸಿಯಂ ಕಟ್ಟಿಸಿದ್ದ. ಒಳಗೆ ಮರದ ಮೆಟ್ಟಿಲು ಕಿರುಗುಟ್ಟುತ್ತಿತ್ತು. ಮೇಲಿನ ಹಜಾರದಲ್ಲಿ ಗಾಜಿನ ಕಪಾಟುಗಳ ಸಾಲು. ಮಣಿಸರ, ಬಾಚಣಿಗೆ, ಬೆಕ್ಕಿನ ಬೊಂಬೆ, ಯಾರದೋ ಕಾಲಿನ ಚಪ್ಪಲಿ. ಹಿಬಾ ಎಲ್ಲದರ ಮುಂದೆ ನಿಲ್ಲುತ್ತಿದ್ದಳು, ಅವಳ ದಾದಾ ಪೀರ್‌ಸಾಬ್ ಯಾವುದರ ಮುಂದೆಯೂ ನಿಲ್ಲಲಿಲ್ಲ. ಹಜಾರದ ನಡುವೆ ದೊಡ್ಡ ಗಾಜಿನ ಪೆಟ್ಟಿಗೆಯೊಳಗೆ ಕಂದು ಬಟ್ಟೆ ಸುತ್ತಿದ ಒಂದು ಆಳುದ್ದದ ದೇಹ ಮಲಗಿತ್ತು. ರುಮಾನ ಏನೂ ಹೇಳುವ ಮೊದಲೇ ಮುದುಕರು ಅದರ ಮುಂದೆ ಹೋಗಿ, ಕೋಲು ಊರಿ, ಹಿಂದಿನ ಬೆಂಚಿನ ಹುಡುಗರಿಗೂ ಕೇಳುವಂಥ ತಮ್ಮ ಹಳೆಯ ದನಿ ತೆಗೆದರು.

“ಎಲ್ಲಿ ಹೋತೋ ನಿನ್ನ ದೌಲತ್ತು? ನಾನೇ ದೇವರು ಅಂದಿದ್ದೆಲ್ಲ? ಈಗ ಏಳು ನೋಡೂನು!”

ಹಜಾರದಲ್ಲಿದ್ದವರೆಲ್ಲ ತಿರುಗಿದರು. ಕುರ್ಚಿಯಲ್ಲಿ ಕೂತಿದ್ದ, ಬೆಳ್ಳಗಿನ ಕೂದಲಿನ ಕಾವಲಿನ ಹೆಂಗಸು ಎದ್ದು ಬಂದು, ಏನಾದರೂ ಬೇಕಿತ್ತೇ ಲವ್ ಎಂದು ಅವರನ್ನೇ ಕೇಳಿದಳು. ಆ ಕಡೆಯಲ್ಲಿ ಹಾಲಿನವನಿಂದ ಪಾದ್ರಿಯವರೆಗೆ ಎಲ್ಲರೂ ಲವ್. ಹಿಬಾ ತನ್ನ ದಾದಾ ದೊರೆಯನ್ನು ಬೈಯುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಹೆಂಗಸು ಪಾಪ, ನಗಲಿಲ್ಲ. ಇವನು ದೊರೆಯಲ್ಲ, ದೇವಸ್ಥಾನವೊಂದರಲ್ಲಿ ಬಾಗಿಲು ಕಾಯುತ್ತಿದ್ದವನು ಎಂದಳು. ಇಲ್ಲಿರುವವರಲ್ಲಿ ದೊರೆಗಳು ಯಾರೂ ಇಲ್ಲ, ಎಲ್ಲ ನಮ್ಮ ನಿಮ್ಮಂಥವರೇ.

ಹಿಬಾ ಅದನ್ನು ತನ್ನ ಮುರುಕು ದಖನಿಯಲ್ಲಿ ಹೇಳಿದಾಗ ಪೀರ್‌ಸಾಬರ ಮುಖ ಸಣ್ಣದಾಯಿತು. ನಲವತ್ತು ರಂಜಾನಿನ ಸಿಟ್ಟನ್ನು ಕೂಡಿಟ್ಟು ತಂದು ಬಡಪಾಯಿ ಬಾಗಿಲು ಕಾಯುವವನ ಮೇಲೆ ಸುರಿದಿದ್ದರು. ಅವರು ಗಾಜಿನ ಹತ್ತಿರ ಬಾಗಿ, ಕೆಳದನಿಯಲ್ಲಿ, ತಪ್ಪಾಯಿತು ಮಾರಾಯಾ, ಮಾಫ್ ಮಾಡು ಎಂದರು. ಆಮೇಲೆ ಸೊಸೆಯ ಕಡೆ ತಿರುಗಿದರು.

“ನಿನಗ ಗೊತ್ತಿತ್ತೇನು?”

“ಗೊತ್ತಿತ್ತು,” ಎಂದಳು ರುಮಾನ. ಇನ್ನೊಂದು ಸುಳ್ಳು ಅದರ ಮೇಲೆ ಪೇರಿಸಲು ಅವಳಿಗೆ ಮನಸ್ಸಾಗಲಿಲ್ಲ.

“ಹಂಗಾದ್ರ ಸೌದಾ ಮುರೀತು,” ಎಂದು ಮುದುಕರು ಕೋಲು ಊರುತ್ತ ಹೊರಟೇಬಿಟ್ಟರು.

ಹೊರಟವರು ಮೆಟ್ಟಿಲು ಸಿಗುವುದರೊಳಗೆ ನಿಂತರು. ಮೂಲೆಯ ಕಪಾಟೊಂದರ ಮುಂದೆ ಹಿಬಾ ಮೂಗನ್ನು ಗಾಜಿಗೊತ್ತಿ ನಿಂತಿದ್ದಳು. ಒಳಗೆ ತೊಟ್ಟಿಲಿನಷ್ಟೇ ಉದ್ದದ ಒಂದು ಮಮ್ಮಿ. ಬಟ್ಟೆಯ ಪಟ್ಟಿಗಳನ್ನು ಚೌಕ ಚೌಕವಾಗಿ, ಯಾರೋ ಸಾವಧಾನವಾಗಿ ಕೂತು ಹೆಣೆದಂತೆ ಸುತ್ತಿದ್ದರು. ಮುಖವಿರಬೇಕಾದ ಜಾಗದಲ್ಲಿ ತೆಳುವಾದ ಹಲಗೆ, ಅದರ ಮೇಲೆ ಬಣ್ಣದಲ್ಲಿ ಬರೆದ ಒಂದು ಮಗುವಿನ ಮುಖ. ದೊಡ್ಡ ಕಣ್ಣು, ಹಣೆಗೆ ಅಂಟಿದ ಗುಂಗುರು ಕೂದಲು, ಆಗಷ್ಟೇ ಹಾಲು ಕುಡಿದು ಒರೆಸಿಕೊಂಡಂಥ ಬಾಯಿ. ಎರಡು ಸಾವಿರ ವರ್ಷ ಹಿಂದಿನದು ಎಂದು ಪಕ್ಕದ ಫಲಕದಲ್ಲಿತ್ತು. ಬಣ್ಣ ನಿನ್ನೆ ಹಚ್ಚಿದ ಹಾಗಿತ್ತು.

ರುಮಾನ ಅಲ್ಲಿಗೆ ಬಂದು ನೋಡಿದಳು, ನೋಡಿದವಳ ಕಾಲು ಅಲ್ಲೇ ನಿಂತಿತು. ದಿನಕ್ಕೆ ಎಷ್ಟೋ ಜನರ ನೋವು ಕೇಳುವ ಡಾಕ್ಟರು, ಸುಲಭಕ್ಕೆ ಕರಗುವವಳಲ್ಲ. ಆದರೆ ಆ ಹಲಗೆಯನ್ನು ಬರೆಸಿದವಳು ಒಬ್ಬಳು ಇದ್ದಿರಬೇಕಲ್ಲ. ಚಿತ್ರ ಬರೆಯುವವನನ್ನು ಮನೆಗೆ ಕರೆಸಿ, ಕೂದಲು ಹೀಗಿರಲಿ, ಕಣ್ಣು ಇನ್ನೂ ದೊಡ್ಡದು ಎಂದು ಪಕ್ಕದಲ್ಲಿ ನಿಂತು ಹೇಳಿದವಳು. ಅವಳಿಗೆ ತನ್ನ ಕೂಸಿನ ಮುಖ ಗೊತ್ತಿತ್ತು. ಎರಡು ಸಾವಿರ ವರ್ಷಗಳ ಹಿಂದೆ ಸತ್ತ ಆ ತಾಯಿಯ ಮೇಲೆ ರುಮಾನಳಿಗೆ ಹೊಟ್ಟೆಕಿಚ್ಚಾಯಿತು. ನಾಚಿಕೆಯಾಗುವಷ್ಟು ಹೊಟ್ಟೆಕಿಚ್ಚಾಯಿತು.

ಪೀರ್‌ಸಾಬ್ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈ ಎತ್ತಿದ್ದರು. ಕೂಸು ಯಾವ ದೇವರನ್ನು ಕಂಡಿತ್ತೋ ಏನೋ, ಪಾಪ ಪುಣ್ಯ ಬರೆದಿಡುವ ವಯಸ್ಸಲ್ಲ, ಇಂಥವರಿಗೆ ಓದಲು ಯಾರ ಅಪ್ಪಣೆಯೂ ಬೇಡ ಎಂದು ತಮಗೆ ತಾವೇ ಹೇಳಿಕೊಂಡರು. ಓದುವುದನ್ನು ಓದಿ ಮುಗಿಸಿ, ಹೆಸರು ಹೇಳುವ ಜಾಗಕ್ಕೆ ಬಂದು ಸಿಕ್ಕಿಬಿದ್ದರು. ಫಲಕದಲ್ಲಿ ಹೆಸರೇನಿದೆ ಎಂದು ಮೊಮ್ಮಗಳನ್ನು ಕೇಳಿದರು. ಹೆಸರು ಗೊತ್ತಿಲ್ಲ ಎಂದೇ ಅಲ್ಲಿ ಬರೆದಿತ್ತು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಹೆಸರಿಲ್ಲದೆ ಯಾರಿಗೆ ಮುಟ್ಟಿಸುವುದು ಎಂದು ಅವರು ನಿಜವಾಗಿಯೂ ಕಂಗಾಲಾಗಿದ್ದರು.

“ಸಾದ್ ಅಂತ ಹೇಳಿ,” ಎಂದಳು ರುಮಾನ.

ಮುದುಕರು ಸೊಸೆಯ ಮುಖವನ್ನು ನೋಡಿದರು. ನಂತರ ಹಲಗೆಯ ಮೇಲಿನ ಮುಖವನ್ನು ನೋಡಿದರು. ಅವರ ಕೈ ಮೆಲ್ಲಗೆ ಇಳಿದು ಗಾಜಿನ ಮೇಲೆ ನಿಂತಿತು.

“ಇಲ್ಲ ಬೇಟಿ. ಆ ಹೆಸರು ಇಲ್ಲಿ ಹೇಳೂದಿಲ್ಲ. ಮಂದಿ ಕೂಸಿಗೆ ನಮ್ಮ ಕೂಸಿನ ಹೆಸರು ಕೊಟ್ಟು ಹೋದ್ರ, ನಮ್ಮ ಕೂಸಿಗೆ ಉಳಿಯೂದೇನು? ಅದನ್ನ ಹೇಳೋ ಜಾಗಾ ಬ್ಯಾರೆ ಐತಿ.”

ಈ ಕೂಸಿನ ಹೆಸರು ಅಲ್ಲಾಹನಿಗೆ ಗೊತ್ತು ಎಂದು ಅಷ್ಟಕ್ಕೇ ಮುಗಿಸಿ, ಅವರು ಮುಖದ ಮೇಲೆ ಕೈಯಾಡಿಸಿಕೊಂಡರು. ನೋಡೂನು ಎನ್ನುವ ಮಾತು ಈ ಸಲ ಅವರ ಬಾಯಿಂದ ಬರಲಿಲ್ಲ ಎನ್ನುವುದನ್ನು ರುಮಾನ ಗಮನಿಸಿದಳು.

ವಾಪಸು ಬರುವಾಗ ರೈಲಿನಲ್ಲಿ ಹಿಬಾ ಕೇಳಬೇಕಾದದ್ದನ್ನು ಕೇಳಿಯೇ ಕೇಳಿದಳು. ಸಾದ್ ಯಾರು? ರುಮಾನ ಕಿಟಕಿಯಿಂದ ಮುಖ ತಿರುಗಿಸಿ, ನಿನ್ನ ಅಣ್ಣ ಎಂದಳು. ಲೀಡ್ಸ್‌ನಲ್ಲಿ ಹುಟ್ಟಿದ್ದ, ಒಂದು ಬೆಳಗು ಬದುಕಿದ್ದ, ನೀನಿನ್ನೂ ಹುಟ್ಟಿರಲಿಲ್ಲ. ಅವನು ನೋಡಲು ಹೇಗಿದ್ದ ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ತನಗೆ ಗೊತ್ತಿಲ್ಲ ಎಂದು ರುಮಾನ ಹೇಳಿದಳು. ಎದುರಿನ ಸೀಟಿನಲ್ಲಿ ಪೀರ್‌ಸಾಬ್ ಕಣ್ಣು ಮುಚ್ಚಿದ್ದರು. ನಿದ್ದೆ ಮಾಡಿರಲಿಲ್ಲ. ಅಜ್ಜನಾಗಿದ್ದು ನಾನು ಇಷ್ಟು ದಿನ ಮಗನ ಮಾತಿಗೆ ತಲೆಯಾಡಿಸಿದೆನಲ್ಲ ಎಂದು ಅವರು ಆಮೇಲೆ ಸೊಸೆಯ ಮುಂದೆ ಹೇಳಿಕೊಂಡರು.

ಮನೆಗೆ ಬಂದಾಗ ಹಲ್ವಾದ ತುಪ್ಪದ ವಾಸನೆ ಲಿಫ್ಟಿನವರೆಗೂ ಬಂದಿತ್ತು. ಜುಬೈರ್ ಹಾಸಿಗೆಯ ಬಿಳಿ ಚಾದರವನ್ನು ನೆಲಕ್ಕೆ ಹಾಸಿ, ತಟ್ಟೆಗಳನ್ನು ಮುಚ್ಚಿ, ಒಂದು ಲೋಟ ನೀರಿಟ್ಟಿದ್ದ. ಊದುಬತ್ತಿಯನ್ನು ಬಾಲ್ಕನಿಯಲ್ಲಿ ಹಚ್ಚಿದ್ದ. ಹೋದ ವರ್ಷ ಲೋಬಾನದ ಹೊಗೆಗೆ ಅಲಾರಂ ಹೊಡೆದುಕೊಂಡು, ಇಡೀ ಕಟ್ಟಡದ ಜನ ಚಪ್ಪಲಿಯಲ್ಲೇ ಕೆಳಗಿಳಿದು ನಿಂತು ಇವರನ್ನು ದುರುಗುಟ್ಟಿ ನೋಡಿದ್ದರು. ಫಿರೌನ ಹೇಗಿದ್ದ ಎಂದು ಅವನು ಅಪ್ಪನನ್ನು ನಗುತ್ತ ಕೇಳಿದ. ಫಿರೌನ ಸಿಗಲಿಲ್ಲ, ಬಾಗಿಲು ಕಾಯುವವನು ಸಿಕ್ಕಿದ ಎಂದರು ಪೀರ್‌ಸಾಬ್.

ಸಂಜೆ ಮುಂಚಿನ ಅಸರ್ ನಮಾಜು ಮುಗಿಯಿತು. ಬಾಲ್ಕನಿಯ ಗಾಜಿನಿಂದ ಇಳಿಬಿಸಿಲು ಚಾದರದ ಮೇಲೆ ಬಿದ್ದಿತ್ತು. ಪೀರ್‌ಸಾಬ್ ನಡುವೆ, ಮಗ ಬಲಕ್ಕೆ, ಹಿಬಾ ತಲೆಗೆ ದುಪಟ್ಟಾ ಹೊದ್ದು ಎಡಕ್ಕೆ. ರುಮಾನ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವವಳು, ಇವತ್ತು ಬಂದು ಚಾದರದ ಅಂಚಿನಲ್ಲೇ ಕೂತಳು. ಮುದುಕರು ಓದಿದರು. ಆಮೇಲೆ ಹೆಸರುಗಳು ಶುರುವಾದವು. ಅವರ ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಪ್ಲೇಗಿನಲ್ಲಿ ಹೋದ ಚಿಕ್ಕಪ್ಪ, ರುಮಾನಳ ತಂದೆ. ಆಮೇಲೆ ಹೆಂಡತಿ ಬಿಲ್ಕೀಸ್. ಪಕ್ಕದ ಮನೆಯ ಮುದುಕಿಯೂ ಆಯಿತು. ಇಲ್ಲಿಗೆ ಮುಗಿಯಬೇಕು ಎಂದು ಜುಬೈರ್ ಮುಖ ಒರೆಸಿಕೊಳ್ಳಲು ಕೈ ಹತ್ತಿರ ತಂದ.

ಅಪ್ಪನ ಕೈ ಇಳಿಯಲಿಲ್ಲ.

“ಇನ್ನೊಂದು ಹೆಸರು ಉಳೀತು,” ಎಂದರು ಪೀರ್‌ಸಾಬ್. “ಅದನ್ನ ಇಟ್ಟಾಂವ ನೀನು. ಕಿವ್ಯಾಗ ಹೇಳಿದಾಂವ ನೀನು. ನೀನೇ ಹೇಳು.”

ಜುಬೈರ್ ಹೆಂಡತಿಯನ್ನು ನೋಡಿದ. ಅವಳಿಗೆ ನೋವಾಗುತ್ತದೆ ಎನ್ನುವ ಅವನ ಹಳೆಯ ಮಾತು ಕಣ್ಣಿನಲ್ಲೇ ಸಿದ್ಧವಾಗಿತ್ತು. ರುಮಾನ ಕಣ್ಣು ತೆಗೆಯದೆ ಅವನನ್ನೇ ನೋಡುತ್ತಿದ್ದಳು. ಆ ಮಾತನ್ನು ಅವನು ಎಲ್ಲಿಗೆ ತೆಗೆದುಕೊಂಡು ಹೋಗುವುದು? ಎದ್ದು ಹೋಗಲು ಮಂಡಿ ಊರಿದ. ಎದುರಿಗೆ ಎಂಬತ್ತರ ಮುದುಕರ ಎರಡು ಕೈ ಗಾಳಿಯಲ್ಲಿ ನಿಂತಿದ್ದವು. ಮಗ ಬಾಯಿ ಬಿಡುವವರೆಗೆ ಈ ಕೈ ಇಳಿಯುವುದಿಲ್ಲ, ಇಳಿಸು ಎಂದು ಹೇಳುವವರು ಈ ಮನೆಯಲ್ಲಿ ಯಾರೂ ಇಲ್ಲ. ಹಿಬಾ ಕೂಡ ತನ್ನ ಪುಟ್ಟ ಕೈಗಳನ್ನು ಹಾಗೇ ಹಿಡಿದಿದ್ದಳು. ತಟ್ಟೆಯಲ್ಲಿ ಪೂರಿ ಆರಿ ಚಪ್ಪಟೆಯಾದವು. ಬಿಸಿಲು ನೀರಿನ ಲೋಟದಿಂದ ಹಲ್ವಾದ ತಟ್ಟೆಗೆ ಸರಿಯಿತು.

ಜುಬೈರನ ಊರಿದ ಮಂಡಿ ಮತ್ತೆ ಕೆಳಗಿಳಿಯಿತು.

“ಸಾದ್,” ಎಂದ. ದನಿ ಹೊರಗೆ ಬಂದಿತೋ ಇಲ್ಲವೋ ಎಂದು ಅವನಿಗೇ ಅನುಮಾನವಾಗಿ ಇನ್ನೊಂದು ಸಲ ಹೇಳಿದ. “ಸಾದ್. ನನ್ನ ಮಗ.”

ಆಮೀನ್ ಎಂದರು ಪೀರ್‌ಸಾಬ್. ಕೈ ಇಳಿಸಿ, ಮುಖ ಒರೆಸಿಕೊಂಡು, ನೋಯುತ್ತಿದ್ದ ಭುಜವನ್ನು ಮೊಮ್ಮಗಳ ಕಡೆಗೆ ಒಡ್ಡಿದರು. ಅವಳು ಒತ್ತತೊಡಗಿದಳು.

ಗೆದ್ದೆ ಎಂದು ರುಮಾನಳಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಎದುರಿಗೆ ಕೂತ ಗಂಡಸು ಹೆಗಲು ಅಲ್ಲಾಡಿಸಿ ಅಳುತ್ತಿದ್ದ. ಇಷ್ಟು ವರ್ಷ ಆ ಮುಖವನ್ನು ಅವನೊಬ್ಬನೇ ಹೊತ್ತುಕೊಂಡು ತಿರುಗಿದ್ದಾನೆ, ಇಳಿಸಲು ಜಾಗ ಸಿಕ್ಕಿಲ್ಲ ಎನ್ನುವುದು ಅವಳಿಗೆ ಈಗ ಅರ್ಥವಾಯಿತು. ಸಿಟ್ಟು ಇನ್ನೂ ಇತ್ತು. ಆದರೂ ಅವಳು ಚಾದರದ ಮೇಲೆ ತೆವಳಿ ಅವನ ಪಕ್ಕಕ್ಕೆ ಹೋಗಿ ಕೂತಳು.

“ನಾನು ಫೋಟೋ ಬೇಡ ಅಂದೆ,” ಎಂದ ಜುಬೈರ್. “ನೀನು ಕೇಳ್ತೀಯ ಅಂತ ಗೊತ್ತಿತ್ತು. ಯಾವತ್ತೋ ಒಂದಿನ ಕೇಳ್ತೀಯ, ನಾನು ಏನು ಕೊಡ್ಲಿ ಅಂತ ಹೆದರಿಕೊಂಡೇ ಇದ್ದೆ.”

“ಈಗ ಕೇಳ್ತಿದ್ದೀನಿ,” ಎಂದಳು ರುಮಾನ. “ಹೇಗಿದ್ದ?”

ಅವನು ಕೈ ಚಾಚಿ, ಬೆರಳ ತುದಿಯನ್ನು ಅವಳ ಎಡಹುಬ್ಬಿನ ಮೇಲಿಟ್ಟ.

“ಇದು,” ಎಂದ. “ಇದು ಹೀಗೇ, ಒಂಚೂರು ಮೇಲಿತ್ತು.”

ಹಿಬಾ ಅಜ್ಜನ ಭುಜ ಬಿಟ್ಟು ಬಂದು, ಅಪ್ಪ ಬೆರಳಿಟ್ಟ ಜಾಗವನ್ನು ಹತ್ತಿರದಿಂದ ನೋಡಿದಳು.